ಶಿರೂರಿನಲ್ಲಿ ತಡ ಮಾಡಿದ್ದು ಯಾರು?

ಅಂಕೋಲೆಯವನು ಅಂತ ಗೊತ್ತಾದರೆ ಸಾಕು, ಬೆಂಗಳೂರಿರಲಿ ಹುಬ್ಬಳ್ಳಿಯಿರಲಿ, ಪ್ರಶ್ನೆ ಒಂದೇ. ಒಮ್ಮೆ ರೈಲಿನಲ್ಲಿ ಸಿಕ್ಕ ಕಣ್ಣೂರಿನವರೊಬ್ಬರೂ ಅದನ್ನೇ ಕೇಳಿದರು. "ಶಿರೂರು ನಿಮ್ಮಲ್ಲೇ ಅಲ್ವಾ? ಗುಡ್ಡ ಕುಸಿದಾಗ ಹುಡುಕೋಕೆ ಸರ್ಕಾರ ಯಾಕೆ ಅಷ್ಟು ತಡ ಮಾಡ್ತು? ತಪ್ಪು ಯಾರದ್ದು?" ಕೇಳುವವರಿಗೆ ಒಂದು ಹೆಸರು ಬೇಕು. ಡಿಸಿ ಅಂದರೂ ನಡೆಯುತ್ತದೆ, ಮಂತ್ರಿ ಅಂದರೂ ನಡೆಯುತ್ತದೆ.

ಮರೆತವರಿಗಾಗಿ ಹೇಳುತ್ತೇನೆ. 2024ರ ಜುಲೈ 16, ಮಂಗಳವಾರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಲಾರಿಯವರು ಚಾ ಕುಡಿಯಲು ನಿಲ್ಲಿಸುತ್ತಿದ್ದ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಗ್ಯಾಸ್ ಟ್ಯಾಂಕರ್, ಎಲ್ಲ ಮಣ್ಣಿನ ಜೊತೆ ಹೋದವು. ಮಣ್ಣು ಪಕ್ಕದ ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಸತ್ತವರು, ಸಿಗದೇ ಹೋದವರು ಸೇರಿ 11 ಜನ.

ಅವರಲ್ಲಿ ಒಬ್ಬರು ಕೇರಳದ ಲಾರಿ ಚಾಲಕ. ಹಾಗಾಗಿ ಅಲ್ಲಿನ ಟಿವಿ ಚಾನೆಲ್‌ಗಳೆಲ್ಲ ಬಂದವು. "ಮಣ್ಣು ತೆಗೆಯಿರಿ, ಬೇಗ ತೆಗೆಯಿರಿ" ಅನ್ನುವುದೊಂದೇ ಕೂಗು. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಿಂದ ಮಣ್ಣಿನೊಳಗೆ ಹುಡುಕುವ ರೇಡಾರ್ ಬಂತು. 21ಕ್ಕೆ ಬೆಳಗಾವಿಯಿಂದ ಸೇನೆ ಬಂತು. ರಸ್ತೆ ಮೇಲಿನ ಮಣ್ಣು ತೆಗೆದರೆ ಅಲ್ಲಿ ಲಾರಿಯೇ ಇಲ್ಲ! ಅದು ನದಿಯೊಳಗಿತ್ತು. ಆಷಾಢದ ಗಂಗಾವಳಿ ಹೇಗೆ ಹರಿಯುತ್ತದೆ ಅಂತ ನೋಡಿದವರಿಗೆ ಗೊತ್ತು, ಮುಳುಗು ತಜ್ಞರು ಇಳಿದರೂ ನಿಲ್ಲಲಾಗುವುದಿಲ್ಲ. ಕೊನೆಗೆ ಗೋವಾದಿಂದ ಹೂಳೆತ್ತುವ ಡ್ರೆಜರ್ ತರಿಸಿ ಲಾರಿ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ಮೊದಲ ದಿನಗಳಲ್ಲಿ ಗೊಂದಲ ಇತ್ತು, ಇಲ್ಲ ಅನ್ನುವುದಿಲ್ಲ. ಉಳುವರೆಯವರ ಕಡೆ ಕ್ಯಾಮರಾ ತಿರುಗಿದ್ದು ಕಡಿಮೆ, ಅದನ್ನೂ ಹೇಳಿಬಿಡುತ್ತೇನೆ. ಆದರೆ ನನ್ನ ಸಿಟ್ಟು ಆ ದಿನಗಳ ಮೇಲಲ್ಲ.

ಕೈಗೆ ಸಿಕ್ಕವರನ್ನು ಬೈದು ಸುಮ್ಮನಾಗುವ ಅಭ್ಯಾಸ ನನಗೂ ಇದೆ. 2019ರ ಆಗಸ್ಟಿನಲ್ಲಿ ಇದೇ ಗಂಗಾವಳಿ ಚಿಕ್ಕಮ್ಮನ ಮನೆಗೆ ನುಗ್ಗಿತು. ಮಣ್ಣಿನ ಗೋಡೆ, ಹಂಚಿನ ಮಾಡು. ನೀರು ಇಳಿದ ಮೇಲೆ ವಿಎ ಬಂದರು, ಅಂದರೆ ಗ್ರಾಮ ಲೆಕ್ಕಿಗರು. ಆ ವರ್ಷ ಪರಿಹಾರಕ್ಕೆ ಮನೆಗಳಿಗೆ ದರ್ಜೆ ಹಾಕುತ್ತಿದ್ದರು. ಮನೆ ಪೂರ್ತಿ ಹೋದರೆ ಎ, 5 ಲಕ್ಷ. ಸ್ವಲ್ಪ ಹಾನಿ ಆದರೆ ಸಿ, 50 ಸಾವಿರ. ಗೋಡೆ ನಿಂತಿತ್ತಲ್ಲ, ಸಿ ಅಂತ ಬರೆದರು. ಮನೆ ಮುಂದೆ ಚಿಕ್ಕಮ್ಮನನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು.

ನೀರು ಕುಡಿದ ಮಣ್ಣಿನ ಗೋಡೆ ಮಳೆಯಲ್ಲೇ ಬೀಳಬೇಕು ಅಂತಿಲ್ಲ. ಕೆಲವು ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಡುತ್ತವೆ, ಆಮೇಲೆ ಬೀಳುತ್ತವೆ. ಚಿಕ್ಕಮ್ಮನ ಅಡುಗೆಮನೆ ಗೋಡೆ ಬಿದ್ದದ್ದು ದೀಪಾವಳಿಯ ಹೊತ್ತಿಗೆ. ಒಲೆಯ ಮೇಲೆ ಬಿತ್ತು, ಪುಣ್ಯಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ. ನಾನು ಹೋಗಿ ಆ ವಿಎಗೆ ಹತ್ತು ಜನರ ಮುಂದೆ ಬಾಯಿಗೆ ಬಂದ ಹಾಗೆ ಬೈದೆ. ಅವರು ಫಾರಂ ತೆಗೆದು ತೋರಿಸಿದರು. "ಮುಂದೆ ಬೀಳಬಹುದು ಅಂತ ಬರೆಯೋಕೆ ಇದರಲ್ಲಿ ಜಾಗ ಎಲ್ಲಿದೆ, ನೀವೇ ಹೇಳಿ." ಅವರ ಮೈಮೇಲೆ ಮೂರು ಊರಿನ ಚಾರ್ಜ್ ಇತ್ತು ಅಂತ ಆಮೇಲೆ ಗೊತ್ತಾಯಿತು.

ಶಿರೂರಿಗೂ ನನ್ನ ಉತ್ತರ ಆ ಫಾರಮ್ಮಿನಲ್ಲೇ ಇದೆ. ಬಿದ್ದದ್ದನ್ನು ಬರೆಯಲು ನಮ್ಮಲ್ಲಿ ಕಾಲಂ ಇದೆ, ಬೀಳುವುದಕ್ಕೆ ಇಲ್ಲ. ಚತುಷ್ಪಥಕ್ಕಾಗಿ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದದ್ದು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಕಾಣುತ್ತಿತ್ತು. ಇಂಥ ಗುಡ್ಡ ಏನು ಮಾಡುತ್ತದೆ ಅಂತ ಜಿಲ್ಲೆಗೆ ಹೊಸದಾಗಿ ಕಲಿಸಬೇಕಿರಲಿಲ್ಲ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ, ಝರಿವಾಡದ ಗುಡ್ಡ ಕುಸಿದು 19 ಜನ ಸತ್ತಿದ್ದರು. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ ಕುಸಿಯಿತು. ಇಷ್ಟಾದ ಮೇಲೂ ಕಡಿದ ಗುಡ್ಡದ ಬುಡದಲ್ಲಿ ಲಾರಿ ನಿಲ್ಲಿಸಲು ಬಿಟ್ಟರಲ್ಲ, ತಡ ಅಂದರೆ ಅದು. ಕಡಿದವರು, ಕಡಿಸಿದವರು, ನೋಡಿ ಸಹಿ ಹಾಕಿದವರು, ಈ ಮೂವರ ಹತ್ತಿರ ವರ್ಷಗಟ್ಟಲೆ ಸಮಯ ಇತ್ತು. ನೀರಿಗೆ ಇಳಿದ ಹುಡುಗರ ಹತ್ತಿರ ಗಂಟೆಗಳೂ ಇರಲಿಲ್ಲ. ಬೈಗುಳ ಮಾತ್ರ ಜಾಸ್ತಿ ತಿಂದದ್ದು ಸ್ಥಳದಲ್ಲಿ ಇದ್ದವರು.

ಡಿಸಿಯ ತಪ್ಪೇ ಇಲ್ಲವಾ ಅಂತಲೂ ಕೇಳುತ್ತಾರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಡಿಸಿಯೇ. ಅಪಾಯ ಇರುವ ಜಾಗದಲ್ಲಿ ವಾಹನ ತಡೆಯುವ ಅಧಿಕಾರವನ್ನೂ ಆ ಕಾಯ್ದೆ ಪ್ರಾಧಿಕಾರಕ್ಕೆ ಕೊಟ್ಟಿದೆ. ಆದರೆ ನಮ್ಮ ಕರಾವಳಿಯಲ್ಲಿ ರೆಡ್ ಅಲರ್ಟ್ ಬಂದರೆ ಮೊದಲು ಆಗುವುದು ಏನು? ಶಾಲೆಗೆ ರಜೆ. ಶಾಲೆ ಮುಚ್ಚಿದರೆ ಮಕ್ಕಳಿಗೆ ಖುಷಿ. ಹೆದ್ದಾರಿ ಮುಚ್ಚಿದರೆ ಮಂಗಳೂರಿಂದ ಗೋವಾದವರೆಗೆ ಲಾರಿ ನಿಲ್ಲುತ್ತವೆ, ಮೇಲಿನಿಂದ ಫೋನ್ ಶುರುವಾಗುತ್ತದೆ. ಗುಡ್ಡ ಬೀಳದಿದ್ದರಂತೂ ಆ ಡಿಸಿಯ ಕಥೆ ಮುಗಿದ ಹಾಗೆ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಒಂದು ಮಳೆಗಾಲ ಶಿರಸಿಗೆ ಹೋಗುವ ದಾರಿಯ ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಬಹುದು ಅಂತ ಬಸ್ಸು ನಿಲ್ಲಿಸಿದ್ದರು. ಶಿರಸಿಯಲ್ಲಿ ನೆಂಟರ ಮದುವೆ. ಯಲ್ಲಾಪುರ ಸುತ್ತಿ ಹೋಗುವಷ್ಟರಲ್ಲಿ ಮುಹೂರ್ತ ಮುಗಿದು, ಊಟದ ಕೊನೆಯ ಪಂಕ್ತಿ ಏಳುತ್ತಿತ್ತು. ತಣ್ಣಗಿನ ಅನ್ನಕ್ಕೆ ತಂಬುಳಿ ಹಾಕಿಕೊಂಡು, ಸುಮ್ನೆ ರಸ್ತೆ ಬಂದ್ ಮಾಡಿದ ಅಧಿಕಾರಿಗಳನ್ನು ಬೈದೆ. ಸಂಜೆವರೆಗೂ ಗುಡ್ಡ ಕುಸಿಯಲಿಲ್ಲ ಅಂತ ಸುದ್ದಿ ಬಂತು. ಇನ್ನೂ ಜಾಸ್ತಿ ಬೈದೆ.