ಬ್ರ್ಯಾಂಡ್ ಆಮೇಲೆ ನೋಡೋಣ, ಮೊದಲು ಪೈಪ್ ಹಾಕಿಸಿ

ಮನೆಗಳಿಗೆ ಆಡಿಯೊ ಸಿಸ್ಟಮ್ ಹಾಕಿಕೊಡುವುದು ನನ್ನ ಕೆಲಸ, ಜಾಸ್ತಿ ಬೆಂಗಳೂರಿನಲ್ಲಿ. ಹಾಲ್, ಅಡುಗೆಮನೆ, ಬಾಲ್ಕನಿ ಎಲ್ಲ ಕಡೆ ಒಂದೇ ಹಾಡು ಕೇಳಬೇಕು ಅನ್ನುವವರು ಫೋನ್ ಮಾಡಿದ ತಕ್ಷಣ ಕೇಳುವುದು ಸ್ಪೀಕರ್ ಬ್ರ್ಯಾಂಡನ್ನು, "ಸೋನೋಸ್ ತಗೊಳ್ಳೋದಾ, ಬೋಸ್ ತಗೊಳ್ಳೋದಾ?" ನಾನು ಕೇಳುವುದು ಬೇರೆ. ಗೋಡೆಗೆ ಪ್ಲಾಸ್ಟರ್ ಆಗಿದೆಯಾ?

ಆಗಿಲ್ಲ ಅಂದರೆ ಅರ್ಧ ಚಿಂತೆ ಕಳೆಯಿತು. ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವಾಗಲೇ ಸ್ಪೀಕರ್‌ಗೆ ಅಂತ ಬೇರೆ ಪೈಪ್ ಹಾಕಿಸಿ. ಕರೆಂಟ್ ವೈರ್ ಇರುವ ಪೈಪಿನಲ್ಲೇ ತೂರಿಸಲು ಬಿಡಬೇಡಿ, ಅದು ಅಪಾಯ. ಪ್ರತಿ ರೂಮಿನಿಂದಲೂ ರೂಟರ್ ಇಡುವ ಜಾಗಕ್ಕೆ 14 ಅಥವಾ 16 ಗೇಜ್ (ವೈರಿನ ದಪ್ಪದ ಅಳತೆ) ಸ್ಪೀಕರ್ ವೈರ್, ಜೊತೆಗೆ ಒಂದು ಕ್ಯಾಟ್ 6, ಅಂದರೆ ನೆಟ್‌ವರ್ಕ್ ಕೇಬಲ್ ಎಳೆಸಿಬಿಟ್ಟರೆ ನಾಳೆ ಯಾವ ಕಂಪನಿಯ ಸಿಸ್ಟಮ್ ತಂದರೂ ನಡೆಯುತ್ತದೆ.

"ವೈರ್‌ಲೆಸ್ ತಾನೆ, ವೈರ್ ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ವೈರ್‌ಲೆಸ್ ಸ್ಪೀಕರಿಗೂ ಪ್ಲಗ್ ಪಾಯಿಂಟ್ ಬೇಕಲ್ವಾ? ಮೇಲಾಗಿ ಕೆಳಗಿನ ರೂಟರಿನ ವೈಫೈ ಆರ್‌ಸಿಸಿ ದಾಟಿ ಮೇಲಿನ ಮಹಡಿಗೆ ಹೋಗುವಷ್ಟರಲ್ಲಿ ಸೊರಗುತ್ತದೆ, ಅದರಲ್ಲೂ ವೇಗದ 5 ಗಿಗಾಹರ್ಟ್ಸ್ ವೈಫೈ. ಹಾಡು ಮಧ್ಯೆ ಮಧ್ಯೆ ನಿಂತರೆ ಜನ ಬೈಯುವುದು ಸ್ಪೀಕರನ್ನು, ನಿಜವಾದ ತೊಂದರೆ ಇರುವುದು ನೆಟ್‌ವರ್ಕಿನಲ್ಲಿ.

ಪ್ಲಾಸ್ಟರ್ ಆಗಿಹೋಗಿದ್ದರೆ ಹೊಸ ಗೋಡೆ ಒಡೆಸಬೇಡಿ, ವೈಫೈ ಸ್ಪೀಕರೇ ಸರಿ. ಆಗ ಮನೆಯವರ ಕೈಯಲ್ಲಿ ಯಾವ ಫೋನ್ ಇದೆ ನೋಡಿ. ಎಲ್ಲರದ್ದೂ ಐಫೋನ್ ಆದರೆ ಏರ್‌ಪ್ಲೇ 2 (ಫೋನಿನ ಹಾಡನ್ನು ವೈಫೈ ಮೂಲಕ ಸ್ಪೀಕರಿಗೆ ಕಳಿಸುವ ಆ್ಯಪಲ್ ವ್ಯವಸ್ಥೆ) ಇರುವ ಸ್ಪೀಕರ್ ತಗೊಳ್ಳಿ. 2018ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಬೇರೆ ಬೇರೆ ಕಂಪನಿಯ ಸ್ಪೀಕರುಗಳೂ ಒಟ್ಟಿಗೆ ಹಾಡುತ್ತವೆ. ಆಂಡ್ರಾಯ್ಡ್ ಇದ್ದರೆ ಅದೇ ಕೆಲಸ ಮಾಡುವ ಗೂಗಲ್ ಕಾಸ್ಟ್ ಇರುವುದು. ಸುಮ್ನೆ ಬ್ಲೂಟೂತ್ ಸ್ಪೀಕರ್ ಗುಡ್ಡೆ ಹಾಕಿಕೊಂಡರೆ ಆಗುವುದಿಲ್ಲ, ಫೋನ್ ಹಿಡಿದು ಎರಡು ಗೋಡೆ ದಾಟಿದರೆ ಸಾಕು, ಹಾಡು ತುಂಡಾಗುತ್ತದೆ.

ಇನ್ನೊಂದು ಮಾತು, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎಲ್ಲ ರೂಮಿನಲ್ಲೂ ಹಾಡು ಒಟ್ಟಿಗೆ ಬರಲಿ ಅಂತ ಈ ಸಿಸ್ಟಮ್‌ಗಳು ಸದ್ದನ್ನು ಸ್ವಲ್ಪ ತಡವಾಗಿ ಹೊರಬಿಡುತ್ತವೆ. ಹಾಡಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಕ್ರಿಕೆಟ್ ಕಾಮೆಂಟರಿ ಅಡುಗೆಮನೆಯಲ್ಲೂ ಕೇಳಬೇಕು ಅಂದರೆ ಟಿವಿಯ ಮಾತು ಮೊದಲು, ಅಡುಗೆಮನೆಯದ್ದು ಆಮೇಲೆ ಬಂದು ಎರಡೂ ಕಲಸಿಹೋಗಬಹುದು. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಟಿವಿ ಆನ್ ಮಾಡಿಸಿ, ಎರಡು ಸ್ಪೀಕರ್ ಮಧ್ಯೆ ನಿಂತು ಕೇಳಿ ನೋಡಿ.

ಅಡುಗೆಮನೆಗೆ ಮಾತ್ರ ಕೈಯಿಂದ ತಿರುಗಿಸುವ ವಾಲ್ಯೂಮ್ ಇರುವುದನ್ನೇ ಆರಿಸಿ. ಹಿಟ್ಟು ಮೆತ್ತಿದ ಕೈಯಲ್ಲಿ ಅಮ್ಮ ಫೋನ್ ತೆಗೆದು ಆ್ಯಪ್ ಹುಡುಕುವುದಿಲ್ಲ.