ಪುಣೆಯ ನೆತ್ತಿಯ ಮೇಲೆ ಎಂ3: ಸಮತಲ ಶಾಖೆಯ ನಕ್ಷತ್ರಗಳು

ಪುಣೆಯಲ್ಲಿ ಏಪ್ರಿಲ್ ನಡುರಾತ್ರಿ ಎಂ3 ಗೋಳಗುಚ್ಛ (ಹಳೆಯ ನಕ್ಷತ್ರಗಳ ಗೋಳಾಕಾರದ ದಟ್ಟ ಗುಂಪು) ನೆತ್ತಿಯ ಹತ್ತಿರವೇ ಬರುತ್ತದೆ. ಬಣ್ಣ-ಹೊಳಪಿನ ನಕ್ಷೆಯಲ್ಲಿ ಅಡ್ಡಸಾಲಾಗಿ ಕಾಣುವ ಅದರ ಸಮತಲ ಶಾಖೆಯ ನಕ್ಷತ್ರಗಳ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಹೆಚ್ಚಿದಷ್ಟೂ ಮಂಕು) ಸುಮಾರು 15.7, ಹಿಡಿಯಲು ಕ್ಯಾಮೆರಾ ಬೇಕು.

ಕೆಂಪು ದೈತ್ಯದ ಹಂತ ದಾಟಿ, ಒಡಲಲ್ಲಿ ಹೀಲಿಯಂ ಉರಿಸುತ್ತಿರುವ ನಕ್ಷತ್ರಗಳಿವು. ತಿರುಳಿನ ದ್ರವ್ಯರಾಶಿ ಎಲ್ಲಕ್ಕೂ ಹೆಚ್ಚುಕಡಿಮೆ ಅರ್ಧ ಸೂರ್ಯನಷ್ಟು, ಅದಕ್ಕೇ ಹೊಳಪು ಒಂದೇ ಮಟ್ಟ. ಹೈಡ್ರೋಜನ್ ಹೊದಿಕೆ ತೆಳುವಾದಷ್ಟೂ ಬಣ್ಣ ನೀಲಿ. ಶಾಖೆಯ ಬಣ್ಣವನ್ನು ಮುಖ್ಯವಾಗಿ ನಿರ್ಧರಿಸಬೇಕಾದ ಲೋಹಾಂಶ (ಹೀಲಿಯಂಗಿಂತ ಭಾರವಾದ ಧಾತುಗಳ ಪಾಲು) ಸರಿಸುಮಾರು ಒಂದೇ ಇದ್ದರೂ, ಎಂ13 ಎಂಬ ಇನ್ನೊಂದು ಗೋಳಗುಚ್ಛದ ಶಾಖೆ ಎಂ3ಕ್ಕಿಂತ ಬಹಳ ನೀಲಿ. ಎಷ್ಟು ಚೆಂದದ ಒಗಟು!

ಶಾಖೆಯ ನಡುವಿನ ಆರ್‌ಆರ್ ಲೈರೆಗಳು (ಹೊಳಪು ಏರಿಳಿಯುವ ನಕ್ಷತ್ರಗಳು) ಅರ್ಧ ದಿನದ ಆಸುಪಾಸಿನಲ್ಲಿ ಮಿಡಿಯುತ್ತವೆ. ಬಿ (ನೀಲಿ ಫಿಲ್ಟರ್) ಚಿತ್ರ ಇಂದು, ವಿ (ಹಸಿರು-ಹಳದಿ ಫಿಲ್ಟರ್) ಚಿತ್ರ ನಾಳೆ ತೆಗೆದರೆ, ಎರಡರ ವ್ಯತ್ಯಾಸದಿಂದ ಅಳೆಯುವ ಬಣ್ಣ ತಪ್ಪುತ್ತದೆ. ಎರಡೂ ಫಿಲ್ಟರ್‌ಗಳಲ್ಲಿ ಬೆನ್ನುಬೆನ್ನಿಗೆ, ಇಡೀ ರಾತ್ರಿ ತೆಗೆಯಿರಿ. ಗುಚ್ಛದ ನಟ್ಟನಡುವನ್ನು ಬಿಟ್ಟುಬಿಡಿ: ಪಕ್ಕದ ಕೆಂಪು ದೈತ್ಯದ ಬೆಳಕು ಬೆರೆತು ನೀಲಿ ನಕ್ಷತ್ರವೂ ಕೆಂಪಾಗಿ ದಾಖಲಾಗುತ್ತದೆ.