‘ತಿಥಿ’: ಒಂದು ಸಾವು, ಐದು ಎಕರೆ ಜಮೀನು, ಒಂದು ಸಹಿ

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಸುತ್ತಮುತ್ತಲಿನ ಜನರಿಂದಲೇ ಪಾತ್ರ ಮಾಡಿಸಿ ತೆಗೆದ ‘ತಿಥಿ’ ಚಿತ್ರವನ್ನು ಇನ್ನೂ ನೋಡದವರು ನನ್ನ ಪರಿಚಿತರಲ್ಲಿಯೇ ಬಹಳ ಮಂದಿ ಇದ್ದಾರೆ. ಅವರಿಗೆ ಅದರ ಪಾತ್ರಗಳಾದ ಗಡ್ಡಪ್ಪ ಗೊತ್ತು, ಸೆಂಚುರಿ ಗೌಡರೂ ಗೊತ್ತು. ಆದರೆ ಗೊತ್ತಿರುವುದು ವಾಟ್ಸಾಪ್‌ನಲ್ಲಿ ಹರಿದಾಡುವ ತುಣುಕುಗಳಿಂದ ಮಾತ್ರ. ನನ್ನನ್ನು ಈ ಚಿತ್ರದವರೆಗೆ ಕರೆತಂದದ್ದೂ ಅಂಥದೇ ಒಂದು ತುಣುಕು. ಬಯ್ಗುಳದ ಮೋಜಿಗಾಗಿ ಯಾರೋ ಕಳಿಸಿದ್ದ ಅದು ಯಾವ ಚಿತ್ರದ್ದೆಂದು ಹುಡುಕಿಕೊಂಡು ಹೋಗಿ ಇಡೀ ಚಿತ್ರ ನೋಡಿದಾಗ, ತುಣುಕಿನಲ್ಲಿ ಬರೀ ಹಾಸ್ಯವಾಗಿ ಕಂಡಿದ್ದ ಮುದುಕನ ಹಿಂದೆ ಎಂಥ ಬದುಕು ಇದೆಯೆಂಬುದು ತಿಳಿಯಿತು.

ಬೀದಿ ಬದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಛೇಡಿಸುತ್ತಿದ್ದ 101 ವರ್ಷದ ಸೆಂಚುರಿ ಗೌಡರು ಚಿತ್ರದ ಆರಂಭದಲ್ಲಿಯೇ ಕುಸಿದುಬಿದ್ದು ತೀರಿಕೊಳ್ಳುತ್ತಾರೆ. 11ನೆಯ ದಿನಕ್ಕೆ ತಿಥಿ, ಊರಿಗೆಲ್ಲ ಬಾಡೂಟ. ಹಿರಿಯ ಮಗ ಗಡ್ಡಪ್ಪನಿಗೆ ಇದಾವುದೂ ಬೇಕಿಲ್ಲ. ಟೈಗರ್ ಬ್ರಾಂದಿ, ಬೀಡಿ, ಹೊಲಗಳ ನಡುವಿನ ಅಲೆದಾಟ ಇಷ್ಟಿದ್ದರೆ ಅವನಿಗೆ ಸಾಕು. ಗಡ್ಡಪ್ಪನ ಮಗ ತಮ್ಮಣ್ಣನಿಗೆ ಮಾತ್ರ ಎಲ್ಲವೂ ಬೇಕು: ತಿಥಿ ಮರ್ಯಾದೆಯಿಂದ ನಡೆಯಬೇಕು, ಅಜ್ಜನ ಹೆಸರಿನಲ್ಲಿರುವ ಐದು ಎಕರೆ ಚಿಕ್ಕಪ್ಪಂದಿರ ಪಾಲಾಗುವ ಮೊದಲೇ ಮಾರಾಟವಾಗಬೇಕು.

ಈ ಜಮೀನಿನ ವ್ಯವಹಾರವೇ ನನ್ನ ದೃಷ್ಟಿಯಲ್ಲಿ ಚಿತ್ರದ ಬೆನ್ನೆಲುಬು. ಅಜ್ಜನ ಹೆಸರಿನ ಭೂಮಿ ಮೊಮ್ಮಗನಿಗೆ ಬರಬೇಕಾದರೆ ನಡುವೆ ಬದುಕಿರುವ ಅಪ್ಪನನ್ನು ದಾಟಿಯೇ ಬರಬೇಕು. ಅಪ್ಪನೋ ಕಚೇರಿಯ ಮೆಟ್ಟಿಲು ಹತ್ತುವವನಲ್ಲ. ಆಗ ತಮ್ಮಣ್ಣ ಹಿಡಿಯುವ ದಾರಿಯೆಂದರೆ, ಅಪ್ಪನ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ದೇಶ ಸುತ್ತಲು ಕಳಿಸಿ, ಇತ್ತ ಅವನು ಸತ್ತನೆಂದು ಲಂಚ ಕೊಟ್ಟು ಸುಳ್ಳು ಮರಣ ಪ್ರಮಾಣಪತ್ರ ಮಾಡಿಸುವುದು. ಮುತ್ತಜ್ಜನ ಹೆಸರಿನಲ್ಲೇ ಉಳಿದ ಪಹಣಿ, ವಂಶವೃಕ್ಷಕ್ಕಾಗಿ ಅಲೆದಾಟ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಣ್ಣತಮ್ಮಂದಿರ ಸಹಿ ಸಿಗದ ಸಂಕಟ, ಇವೆಲ್ಲ ನಮ್ಮ ಹಳ್ಳಿಯ ಸಂಬಂಧವಿರುವ ಯಾವ ಕುಟುಂಬಕ್ಕೂ ಹೊಸತಲ್ಲ. ಆದರೆ ಅವುಗಳೊಳಗೆ ಇಷ್ಟು ನಗೆಯೂ ಇಷ್ಟು ಕ್ರೌರ್ಯವೂ ಒಟ್ಟಿಗೆ ಅಡಗಿವೆಯೆಂದು ತೋರಿಸಿದ ಮತ್ತೊಂದು ಕನ್ನಡ ಚಿತ್ರ ನನಗೆ ನೆನಪಾಗುವುದಿಲ್ಲ. ತಮ್ಮಣ್ಣನನ್ನು ಖಳನೆಂದು ದೂರುವುದಕ್ಕೂ ಮನಸ್ಸು ಬರುವುದಿಲ್ಲ, ಏಕೆಂದರೆ ಇಡೀ ಮನೆಯಲ್ಲಿ ಜವಾಬ್ದಾರಿಯೆಂದು ಓಡಾಡುತ್ತಿರುವವನು ಅವನೊಬ್ಬನೇ.

ನಿರ್ದೇಶಕ ರಾಮ್ ರೆಡ್ಡಿಯವರಿಗೆ ಇದು ಮೊದಲ ಪೂರ್ಣಪ್ರಮಾಣದ ಚಿತ್ರ. ಅವರ ಜೊತೆ ಚಿತ್ರಕಥೆ ಬರೆದ ಈರೇಗೌಡರು ನೊದೆಕೊಪ್ಪಲಿನವರೇ ಆದ್ದರಿಂದ, ಮೊದಲು ಊರಿನ ಜನರನ್ನು ಆರಿಸಿ, ಅವರ ನಡೆನುಡಿಗೆ ಹೊಂದುವಂತೆ ಪಾತ್ರಗಳನ್ನು ಕಟ್ಟುವುದು ಸಾಧ್ಯವಾಯಿತು. ತಾರೆಗಳಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಸಿನಿಮಾದವರು ನಗೆಗಾಗಿ ಎಳೆದೆಳೆದು ಆಡಿಸುವ ಮಂಡ್ಯದ ಮಾತು ಇಲ್ಲಿ ಸಹಜ ವೇಗದಲ್ಲಿದೆ. ಎಷ್ಟು ಸಹಜವೆಂದರೆ, ಮಂಗಳೂರು ಕಡೆಯ ನನ್ನ ಸ್ನೇಹಿತರೊಬ್ಬರು ಇಂಗ್ಲಿಷ್ ಅಡಿಬರಹದ ಮೊರೆ ಹೋಗಬೇಕಾಯಿತು. ಬಯ್ಗುಳಗಳೂ ಅಷ್ಟೇ ಸಹಜವಾಗಿ ಬರುತ್ತವೆ, ಮನೆಮಂದಿಯೆಲ್ಲ ಕೂತು ನೋಡುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಪಡೆದು, ಆಮೇಲೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಗಳಿಸಿ, ‘ತಿಥಿ’ 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಿತು. ‘ಅವಾರ್ಡ್ ಸಿನಿಮಾ’ ಎಂದ ಕೂಡಲೇ ನಿಧಾನ, ಮೌನ, ಗೋಳು ಎಂದು ದೂರ ಸರಿಯುವವರು ಇದನ್ನೂ ಆ ಸಾಲಿಗೆ ಸೇರಿಸಿದರೆ ನಷ್ಟ ಅವರದೇ. ಶವಯಾತ್ರೆಯ ಕುಣಿತ, ಬಾಡೂಟಕ್ಕೆ ಕುರಿ ಹೊಂದಿಸುವ ಪರದಾಟ ಇವೆಲ್ಲ ಜನ ತುಂಬಿದ ಚಿತ್ರಮಂದಿರದಲ್ಲಿ ನೋಡಬೇಕಾದಂಥವು. ಇನ್ನೊಂದು ತುದಿಯಲ್ಲಿ, ಇದೇ ಗಡ್ಡಪ್ಪ ಮತ್ತು ಸೆಂಚುರಿ ಗೌಡರನ್ನು ಮುಂದೆ ನಿಲ್ಲಿಸಿಕೊಂಡು ಆಮೇಲೆ ಬಂದ ಹಾಸ್ಯಚಿತ್ರಗಳನ್ನು ನೋಡಿ ‘ತಿಥಿ’ಯೂ ಹಾಗೆಯೇ ಇರಬಹುದೆಂದುಕೊಂಡವರೂ ಇದ್ದಾರೆ. ಅವುಗಳಲ್ಲಿ ಈ ಹಿರಿಯರಿಗೆ ಮುಖವಷ್ಟೇ ಉಳಿದಿತ್ತು, ಕತೆ ಇರಲಿಲ್ಲ.

ಕೊರತೆಯೊಂದನ್ನು ಹೇಳಲೇಬೇಕು. ತಮ್ಮಣ್ಣನ ಮಗ ಅಭಿ ಕುರಿಗಾಹಿ ಹುಡುಗಿ ಕಾವೇರಿಯ ಬೆನ್ನು ಬೀಳುವ ಭಾಗದಲ್ಲಿ ಚಿತ್ರ ಹುಡುಗನ ಆಸೆಯನ್ನು ತಾಳ್ಮೆಯಿಂದ ಗಮನಿಸುತ್ತದೆಯೇ ಹೊರತು ಹುಡುಗಿಯ ಮನಸ್ಸಿನೊಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಗಂಡಸರ ನಾಲ್ಕು ತಲೆಮಾರುಗಳಿಗೆ ಒಂದೊಂದು ಬದುಕನ್ನು ಕೊಟ್ಟ ಕತೆಗಾರರು ಇಲ್ಲಿ ಇನ್ನಷ್ಟು ಉದಾರರಾಗಬಹುದಿತ್ತು.

ಅದೇ ಕುರಿಗಾಹಿಗಳ ಬಿಡಾರದಲ್ಲಿ ರಾತ್ರಿ ಬೆಂಕಿಯ ಮುಂದೆ ಗಡ್ಡಪ್ಪ ತನ್ನ ಹಿಂದಿನ ಬದುಕನ್ನು ಹೇಳಿಕೊಳ್ಳುವ ದೃಶ್ಯವೊಂದಿದೆ. ಏನು ಹೇಳುತ್ತಾನೆಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಅಷ್ಟು ಹೊತ್ತಿನವರೆಗೆ ನಿಶ್ಚಿಂತೆಯೆಂದು ನಾವು ಭಾವಿಸಿದ್ದ ಅವನ ಅಲೆದಾಟಕ್ಕೆ, ಅಪ್ಪನ ತಿಥಿಯ ಬಗೆಗಿನ ಅವನ ಉದಾಸೀನಕ್ಕೆ ಕಾರಣ ಅಲ್ಲಿ ದೊರೆಯುತ್ತದೆ. ಅದನ್ನು ಅವನು ಅಳದೆ, ದನಿ ಏರಿಸದೆ, ಬೇರೆ ಯಾರದೋ ಕತೆಯೆಂಬಂತೆ ಹೇಳಿ ಮುಗಿಸುತ್ತಾನೆ. ಅಭಿನಯದ ತರಬೇತಿ ಪಡೆದವರಿಗೂ ಕಷ್ಟವೆನಿಸುವ ಸಂಯಮ ಅದು.

‘ತಿಥಿ’ ಹಿಡಿಸಿದವರು ಈರೇಗೌಡರು ಸ್ವತಃ ನಿರ್ದೇಶಿಸಿದ ‘ಬಳೆಕೆಂಪ’ವನ್ನೂ ಹುಡುಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದ, ಬಳೆ ಮಾರುವವನೊಬ್ಬನ ದಾಂಪತ್ಯದ ಕತೆಯಿರುವ ಆ ಚಿತ್ರದಲ್ಲಿ ನಗೆ ಕಡಿಮೆ, ಗುಟ್ಟು ಹೆಚ್ಚು. ಆದ್ದರಿಂದ ಅದನ್ನು ಎರಡನೆಯದಾಗಿ ನೋಡಿ.